ಆರ್‌ಟಿಎಕ್ಸ್ 3060 12 ಜಿಬಿ: ಹೆಸರಿನ ಅಂಕಿಗಿಂತ ಮೆಮೊರಿಯ ಸಾಲು ಮುಖ್ಯ

ಎನ್ವಿಡಿಯಾದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡನ್ನು, ಅದರಲ್ಲೂ 12 ಜಿಬಿ ಮೆಮೊರಿ ಇರುವುದನ್ನು, ಇವತ್ತಿಗೂ ಧೈರ್ಯವಾಗಿ ತಗೊಳ್ಳಿ ಅಂತ ಹೇಳುತ್ತೇನೆ. ಇದು 2021ರ ಫೆಬ್ರವರಿಯಲ್ಲಿ ಬಂದ ಕಾರ್ಡ್. ಆಮೇಲೆ 40 ಸೀರೀಸ್ ಬಂತು, 2025ರಲ್ಲಿ 50 ಸೀರೀಸೂ ಬಂತು. ವೇಗದಲ್ಲಿ ಅವು ಮುಂದಿವೆ, ಅದರಲ್ಲಿ ಅನುಮಾನವಿಲ್ಲ. ಆದರೂ ನನ್ನ ಕಂಪ್ಯೂಟರಿನಿಂದ ಇದನ್ನು ತೆಗೆಯುವ ಮನಸ್ಸು ಬಂದಿಲ್ಲ. ಕಾರಣ ಇದರ ಮೆಮೊರಿ.

ನಾನು ಮನೆಗಳ ಒಳಾಂಗಣ ವಿನ್ಯಾಸ ಮಾಡುವವಳು. ಕೆಲಸ ಶುರುವಾಗುವ ಮೊದಲೇ ಕೋಣೆ ಹೇಗೆ ಕಾಣುತ್ತದೆ ಅಂತ ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ಚಿತ್ರ ಮಾಡಿ ತೋರಿಸಬೇಕು. ಸಂಜೆಯಾದ ಮೇಲೆ ಅದೇ ಕಂಪ್ಯೂಟರಿನಲ್ಲಿ ನನ್ನ ತಮ್ಮ ಗೇಮ್ ಆಡುತ್ತಾನೆ. ಹಾಗಾಗಿ ಈ ಕಾರ್ಡ್ ಹಗಲು ಒಂದು ಥರ ದುಡಿಯುತ್ತದೆ, ರಾತ್ರಿ ಇನ್ನೊಂದು ಥರ. ಎರಡನ್ನೂ ನೋಡಿ ಬರೆಯುತ್ತಿದ್ದೇನೆ. ಕಾರ್ಡ್ ಕೊಳ್ಳಲು ಹೊರಟವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಮಾತು: ಡಬ್ಬಿ ಮೇಲಿರುವ ಈ ಅಂಕಿಗಳಲ್ಲಿ ಯಾವುದನ್ನು ನೋಡಬೇಕು? ಅದಕ್ಕೆ ಸುಮ್ನೆ ಚೆನ್ನಾಗಿದೆ ಅಂದು ಬಿಡುವುದಕ್ಕಿಂತ, ಈ ಕಾರ್ಡನ್ನೇ ಮುಂದಿಟ್ಟುಕೊಂಡು ಗ್ರಾಫಿಕ್ಸ್ ಕಾರ್ಡ್ ಹೇಗೆ ಕೆಲಸ ಮಾಡುತ್ತದೆ ಅಂತಲೂ ಹೇಳುತ್ತೇನೆ.

ಪರದೆ ಅಂದರೆ ಚುಕ್ಕಿಗಳು. ಸಾಧಾರಣ ಫುಲ್ ಎಚ್‌ಡಿ ಮಾನಿಟರಿನಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080. ಒಟ್ಟು 20,73,600 ಪಿಕ್ಸೆಲ್. ಗೇಮ್ ನಯವಾಗಿ ಓಡಬೇಕಾದರೆ ಸೆಕೆಂಡಿಗೆ 60 ಸಲ ಇಡೀ ಚಿತ್ರ ಹೊಸದಾಗಿ ಬರಬೇಕು. ಅಂದರೆ ಸೆಕೆಂಡಿಗೆ 12 ಕೋಟಿಗೂ ಜಾಸ್ತಿ ಪಿಕ್ಸೆಲ್‌ಗಳ ಬಣ್ಣ ಲೆಕ್ಕ ಹಾಕಬೇಕು. ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್ ಮಾತ್ರ.

ಪ್ರೊಸೆಸರ್, ಅಂದರೆ ಸಿಪಿಯು, ಈ ಲೆಕ್ಕ ಮಾಡಲಾರದು ಅಂತಲ್ಲ. ಆದರೆ ಅದರಲ್ಲಿರುವುದು ಕೆಲವೇ ಕೋರ್. ಒಂದೊಂದೂ ತುಂಬಾ ಚುರುಕು, ಎಂಥ ಗೋಜಲಿನ ಕೆಲಸ ಕೊಟ್ಟರೂ ಬಿಡಿಸುತ್ತದೆ. ಪಿಕ್ಸೆಲ್ ಲೆಕ್ಕದಲ್ಲಿ ಅಂಥ ಗೋಜಲು ಕಡಿಮೆ. ಪರದೆಯ ಮೂಲೆಯ ಚುಕ್ಕಿಯ ಬಣ್ಣ ತಿಳಿಯಲು ನಡುವಿನ ಚುಕ್ಕಿಯ ಉತ್ತರ ಬರುವವರೆಗೆ ಸಾಮಾನ್ಯವಾಗಿ ಕಾಯಬೇಕಿಲ್ಲ. ಒಂದೇ ಸೂತ್ರ, ಲಕ್ಷಾಂತರ ಸಲ. ಅದಕ್ಕೇ ಗ್ರಾಫಿಕ್ಸ್ ಕಾರ್ಡಿನ ಮುಖ್ಯ ಚಿಪ್ಪಾದ ಜಿಪಿಯುನಲ್ಲಿ ಸಣ್ಣ ಸಣ್ಣ ಲೆಕ್ಕದ ಘಟಕಗಳನ್ನು ಸಾವಿರಗಟ್ಟಲೆ ಇಡುತ್ತಾರೆ. 3060ಯಲ್ಲಿ ಇಂಥವು 3584 ಇವೆ. ಎನ್ವಿಡಿಯಾ ಇವನ್ನು ಕುಡಾ (CUDA) ಕೋರ್ ಅನ್ನುತ್ತದೆ. 128ರಂತೆ 28 ಗುಂಪು. ಒಂದು ಗುಂಪಿನೊಳಗೆ 32 ಲೆಕ್ಕಗಳು ಜೊತೆಯಾಗಿ, ಒಂದೇ ಆದೇಶದ ಮೇಲೆ ಸಾಗುತ್ತವೆ.

ಇಲ್ಲೊಂದು ಎಚ್ಚರ ಬೇಕು. ಬೇರೆ ಬೇರೆ ತಲೆಮಾರಿನ ಕಾರ್ಡ್‌ಗಳ ಕೋರ್ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಆರ್‌ಟಿಎಕ್ಸ್ 4060ಯಲ್ಲಿ ಇರುವುದು 3072 ಕೋರ್, 3060ಗಿಂತ ಕಡಿಮೆ. ಆದರೂ ಮೆಮೊರಿ ಸಾಕಾಗುವವರೆಗೆ ಹೆಚ್ಚಿನ ಗೇಮ್‌ಗಳಲ್ಲಿ 4060ಯೇ ಮುಂದೆ. ಅದರ ಕ್ಲಾಕ್ ಸ್ಪೀಡ್, ಅಂದರೆ ಕೋರ್ ಓಡುವ ವೇಗ, ಜಾಸ್ತಿ. ಚಿಪ್ಪಿನ ಒಳಗೇ ಇರುವ ಪುಟ್ಟ ಅತಿವೇಗದ ಮೆಮೊರಿ, ಅಂದರೆ ಎಲ್2 ಕ್ಯಾಶ್, 24 ಎಂಬಿ. 3060ಯಲ್ಲಿ ಅದು ಬರೀ 3 ಎಂಬಿ. ಎಎಂಡಿ, ಇಂಟೆಲ್ ಕಾರ್ಡ್‌ಗಳ ಜೊತೆ ಕೋರ್ ಎಣಿಸುವುದಕ್ಕಂತೂ ಅರ್ಥವೇ ಇಲ್ಲ. ಅವರ ಎಣಿಕೆಯ ಕ್ರಮವೇ ಬೇರೆ.

ಇನ್ನು ಮೆಮೊರಿ. ಈ ಕಾರ್ಡಿನ ಜೀವಾಳ ಇರುವುದೇ ಇಲ್ಲಿ.

ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಮೆಮೊರಿ ಇರುತ್ತದೆ. ಮದರ್‌ಬೋರ್ಡಿನ ರ್ಯಾಮ್ ಬೇರೆ, ಇದು ಬೇರೆ. ಜಿಪಿಯು ಪಾಲಿಗೆ ಇದು ಕೈಗೆಟುಕುವ ಮೇಜು, ಆ ರ್ಯಾಮ್ ಪಕ್ಕದ ಕೋಣೆಯ ಬೀರು. ಸಾಮಾನು ಮೇಜಿನ ಮೇಲಿದ್ದರೆ ಕೆಲಸ ಓಡುತ್ತದೆ. ಪ್ರತಿ ಸಲ ಎದ್ದು ಬೀರುವಿಗೆ ಹೋಗಬೇಕಾದರೆ ಎಂಥ ಚುರುಕಿನವರಾದರೂ ತಡವಾಗುತ್ತದೆ. ಎಷ್ಟು ತಡ ಅನ್ನುವುದಕ್ಕೂ ಲೆಕ್ಕವಿದೆ. 3060 ತನ್ನ ಮೆಮೊರಿಯಿಂದ ಸೆಕೆಂಡಿಗೆ 360 ಜಿಬಿ ಎಳೆದುಕೊಳ್ಳಬಲ್ಲದು. ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಗೆ ಪಿಸಿಐ ಎಕ್ಸ್‌ಪ್ರೆಸ್ ಅನ್ನುತ್ತಾರೆ, ಅದರ ಒಂದೊಂದು ಓಣಿಗೆ ಲೇನ್. ಅದರ 3.0 ಆವೃತ್ತಿ ಇರುವ ಹಳೆಯ ಬೋರ್ಡಿನಲ್ಲಿ, 16 ಲೇನ್ ಪೂರ್ತಿ ಸಿಕ್ಕರೂ, ಆ ಕಡೆಯಿಂದ ಬರುವುದು ಸೆಕೆಂಡಿಗೆ ಸುಮಾರು 16 ಜಿಬಿ. ಇಪ್ಪತ್ತು ಪಟ್ಟಿಗೂ ಮೀರಿದ ಅಂತರ!

"ಪರದೆ ತೋರಿಸೋಕೆ ಇಷ್ಟೊಂದು ಮೆಮೊರಿ ಯಾಕೆ?" ಅಂತ ಕೇಳುವವರಿದ್ದಾರೆ. ಪರದೆಗೆ ಬೇಕಾಗುವುದು ನಿಜಕ್ಕೂ ಚೂರೇ ಚೂರು. ಫುಲ್ ಎಚ್‌ಡಿಯ ಒಂದು ಚಿತ್ರಕ್ಕೆ 8 ಎಂಬಿ ಸುಮಾರು. ಜಾಗ ತಿನ್ನುವುದು ಟೆಕ್ಸ್ಚರ್, ಅಂದರೆ ಮೇಲ್ಮೈಗೆ ಹಚ್ಚುವ ಚಿತ್ರಗಳು. ನನ್ನ ಕೆಲಸದ್ದೇ ಉದಾಹರಣೆ ಕೊಡುತ್ತೇನೆ. ಮಲಗುವ ಕೋಣೆಯ ವಾರ್ಡ್‌ರೋಬಿಗೆ ತೇಗದ ಮರದ ಟೆಕ್ಸ್ಚರ್ ಹಾಕಿದೆ ಅಂತಿಟ್ಟುಕೊಳ್ಳಿ. ಹತ್ತಿರದಿಂದ ನೋಡಿದರೂ ಗೆರೆ ಒಡೆಯಬಾರದು ಅಂತ 4096 × 4096 ಅಳತೆಯದ್ದನ್ನೇ ತಗೊಳ್ಳುತ್ತೇನೆ. ಒಂದು ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ ಆ ಒಂದು ಚಿತ್ರ ಮೆಮೊರಿಯಲ್ಲಿ 64 ಎಂಬಿ. ಡಿಸ್ಕಿನಲ್ಲಿ ಜೆಪೆಗ್ ಆಗಿ ಪುಟ್ಟದಾಗಿ ಕೂತಿರುತ್ತದೆ, ಆದರೆ ಬಿಚ್ಚಿಕೊಂಡಾಗ ಇಷ್ಟಾಗುತ್ತದೆ. ಮರ ಮರದ ಹಾಗೆ ಕಾಣಬೇಕಾದರೆ ಬಣ್ಣ ಒಂದೇ ಸಾಲದು. ಎಲ್ಲಿ ಹೊಳಪು ಎಲ್ಲಿ ಮಂಕು ಅಂತ ಹೇಳಲು ಇನ್ನೊಂದು ಚಿತ್ರ, ಮೇಲ್ಮೈಯ ಉಬ್ಬುತಗ್ಗು ಹೇಳಲು ಮತ್ತೊಂದು. ಮೂರಕ್ಕೆ 192 ಎಂಬಿ. ಪರದೆ ಬಟ್ಟೆ, ಹಾಸಿಗೆ, ನೆಲದ ಕಲ್ಲು, ಗೋಡೆ ಅಂತ ಇಂಥ 20 ವಸ್ತು ಸೇರಿದವು ಅಂದರೆ 4 ಜಿಬಿ ಹತ್ತತ್ರ ಮುಗಿಯಿತು.

ಇದಕ್ಕಿಂತ ಮುಂಚೆ ನನ್ನ ಹತ್ತಿರ ಇದ್ದದ್ದು 4 ಜಿಬಿಯ ಜಿಟಿಎಕ್ಸ್ 1050 ಟಿಐ. 2016ರ ಕಾರ್ಡ್. ಚಿಕ್ಕದು, ತಣ್ಣಗಿರುತ್ತಿತ್ತು, ಒಳ್ಳೆಯ ಕಾರ್ಡೇ. ಆದರೆ ದೊಡ್ಡ ಹಾಲ್‌ನ ಸೀನ್ ತೆರೆದು ರೆಂಡರ್ (ಪೂರ್ಣ ಚಿತ್ರ ಮಾಡುವ ಆದೇಶ) ಒತ್ತಿದರೆ "ಸಿಸ್ಟಮ್ ಈಸ್ ಔಟ್ ಆಫ್ ಜಿಪಿಯು ಮೆಮೊರಿ" ಅಂತ ಬರೆದು ನಿಂತುಬಿಡುತ್ತಿತ್ತು. ಆಗ ಎರಡೇ ದಾರಿ. ಟೆಕ್ಸ್ಚರ್‌ಗಳನ್ನು ಒಂದೊಂದಾಗಿ ಚಿಕ್ಕದು ಮಾಡುವುದು, ಇಲ್ಲವೇ ಪ್ರೊಸೆಸರಿಗೆ ಒಪ್ಪಿಸಿ ರಾತ್ರಿಯಿಡೀ ಬಿಡುವುದು. 3060 ಹಾಕಿದ ಮೇಲೆ ಅದೇ ಹಾಲ್, ಟೆಕ್ಸ್ಚರ್ ಒಂದನ್ನೂ ಮುಟ್ಟದೆ, ಮೊದಲ ಸಲಕ್ಕೇ ರೆಂಡರ್ ಆಯಿತು. ಬ್ಲೆಂಡರಿನಲ್ಲಿ ರೆಂಡರ್ ಮಾಡುವ ಭಾಗವಾದ ಸೈಕಲ್ಸ್‌ನಲ್ಲಿ, ಎನ್ವಿಡಿಯಾದ್ದೇ ಕಿರಣ ಲೆಕ್ಕದ ತಂತ್ರವಾದ ಆಪ್ಟಿಕ್ಸ್ ಆರಿಸಿದರೆ ಇದರ ಆರ್‌ಟಿ ಕೋರ್‌ಗಳೂ ಕೆಲಸಕ್ಕೆ ಇಳಿಯುತ್ತವೆ. ಬೆಳಕಿನ ಕಿರಣ ಎಲ್ಲಿ ಹೋಗಿ ಯಾವ ಮೇಲ್ಮೈಗೆ ತಾಗುತ್ತದೆ ಅಂತ ಹುಡುಕುವುದೇ ಅವುಗಳ ಕೆಲಸ. ಕಿಟಕಿಯಿಂದ ಬಂದ ಬಿಸಿಲು ನೆಲಕ್ಕೆ ಬಿದ್ದು, ಅಲ್ಲಿಂದ ಪುಟಿದು ಚಾವಣಿಗೆ ತಿಳಿ ಬಣ್ಣ ಹಚ್ಚುವುದನ್ನು ಕೂತಲ್ಲೇ ನೋಡಬಹುದು. ಒಂದು ದೀಪ ಸರಿಸಿ, ತಕ್ಷಣ ಫಲ ನೋಡಿ, ಮತ್ತೆ ಸರಿಸುವ ಆ ಸ್ವಾತಂತ್ರ್ಯ ನನ್ನ ಕೆಲಸದ ಗುಣಮಟ್ಟವನ್ನೇ ಎತ್ತಿದೆ.

12 ಅನ್ನುವ ಅಂಕಿ ಎಲ್ಲಿಂದ ಬಂತು ಅಂತ ತಿಳಿದರೆ ಯಾವ ಕಾರ್ಡಿನ ವಿವರವನ್ನಾದರೂ ಓದಬಹುದು. ಜಿಪಿಯುಗೂ ಮೆಮೊರಿಗೂ ನಡುವೆ ಇರುವ ತಂತಿಗಳ ಅಗಲಕ್ಕೆ ಬಸ್ ವಿಡ್ತ್ ಅನ್ನುತ್ತಾರೆ. 3060ಯದ್ದು 192 ಬಿಟ್. ಒಂದೊಂದು ಮೆಮೊರಿ ಚಿಪ್ಪು 32 ಬಿಟ್ ಅಗಲದಲ್ಲಿ ಕೂರುತ್ತದೆ. 192ನ್ನು 32ರಿಂದ ಭಾಗಿಸಿದರೆ 6. ಅಂದರೆ ಆರು ಚಿಪ್ಪು. ಚಿಪ್ಪಿಗೆ 1 ಜಿಬಿ ಹಾಕಿದರೆ 6 ಜಿಬಿ, 2 ಜಿಬಿ ಹಾಕಿದರೆ 12. ನಡುವಿನ ಅಂಕಿ ಸುಲಭಕ್ಕೆ ಬರುವುದಿಲ್ಲ. 2021ಕ್ಕೆ 6 ತೀರಾ ಕಡಿಮೆ ಆಗುತ್ತಿತ್ತು, ಹಾಗಾಗಿ 12 ಕೊಟ್ಟರು. ಅದಕ್ಕೇ ಇದಕ್ಕಿಂತ ಮೇಲಿನ 3060 ಟಿಐ ಮತ್ತು 3070 ಕಾರ್ಡ್‌ಗಳಲ್ಲಿ 8 ಜಿಬಿ, ಕೆಳಗಿನ 3060ಯಲ್ಲಿ 12 ಜಿಬಿ. ವಿಚಿತ್ರ ಅಲ್ವಾ? ಅವುಗಳ ಬಸ್ 256 ಬಿಟ್. ಎಂಟು ಚಿಪ್ಪು, ತಲಾ 1 ಜಿಬಿ.

ವೇಗದ ಲೆಕ್ಕವೂ ಇಲ್ಲೇ ಇದೆ. ಬಸ್ಸಿನ ಅಗಲವನ್ನು ಮೆಮೊರಿಯ ವೇಗದಿಂದ (ಒಂದು ತಂತಿಯಲ್ಲಿ ಸೆಕೆಂಡಿಗೆ ಎಷ್ಟು ಗಿಗಾಬಿಟ್ ಅನ್ನುವುದು) ಗುಣಿಸಿ, 8 ಬಿಟ್‌ಗೆ ಒಂದು ಬೈಟ್ ಆದ್ದರಿಂದ 8ರಿಂದ ಭಾಗಿಸಿ. 3060ಗೆ 192 × 15 ÷ 8. ಉತ್ತರ 360. ಮೇಲೆ ಹೇಳಿದ ಸೆಕೆಂಡಿಗೆ 360 ಜಿಬಿ ಬಂದದ್ದು ಹೀಗೆ. 4060ಗೆ 128 × 17 ÷ 8, ಅಂದರೆ 272. ಆ ಕೊರತೆಯನ್ನು ತುಂಬಲೆಂದೇ ಅದಕ್ಕೆ ದೊಡ್ಡ ಕ್ಯಾಶ್ ಕೊಟ್ಟಿರುವುದು.

ಈಗ ನಾನು ಸಿಟ್ಟಿನಿಂದಲೇ ಹೇಳಬೇಕಾದ ಮಾತು. 2022ರ ಕೊನೆಯಲ್ಲಿ ಇದೇ ಹೆಸರಿನಲ್ಲಿ 8 ಜಿಬಿಯ ಇನ್ನೊಂದು 3060 ಬಂತು. ಕೋರ್ ಅದೇ 3584. ಹೆಸರು ಅದೇ. ಆದರೆ ಬಸ್ 128 ಬಿಟ್‌ಗೆ ಇಳಿದಿದೆ. ಸೆಕೆಂಡಿಗೆ 360 ಜಿಬಿ ಇದ್ದದ್ದು 240 ಆಗಿದೆ. ಮೂರರಲ್ಲಿ ಒಂದು ಪಾಲು ಹೋಯಿತು! ಗೇಮ್‌ಗಳಲ್ಲಿ ಎದ್ದು ಕಾಣುವಷ್ಟು ನಿಧಾನ. "4 ಜಿಬಿ ಕಡಿಮೆ ಅಷ್ಟೇ ತಾನೇ" ಅಂದುಕೊಂಡು ತಗೊಂಡವರಿಗೆ ಮೆಮೊರಿಯೂ ಕಡಿಮೆ, ಅದರ ವೇಗವೂ ಕಡಿಮೆ. ಇಂಥದ್ದು ಇದೇ ಮೊದಲಲ್ಲ. ಜಿಟಿ 1030 ಕಾರ್ಡಿನಲ್ಲಿ ವೇಗದ ಜಿಡಿಡಿಆರ್5 ಮೆಮೊರಿ ಬದಲು ನಿಧಾನದ ಡಿಡಿಆರ್4 ಹಾಕಿ 2018ರಲ್ಲಿ ಅದೇ ಹೆಸರಿನಲ್ಲಿ ಬಿಟ್ಟಿದ್ದರು. ಸೆಕೆಂಡಿಗೆ 48 ಜಿಬಿ ಇದ್ದದ್ದು 16.8ಕ್ಕೆ ಇಳಿದಿತ್ತು. ಕೊಳ್ಳುವವರು ಎಲ್ಲರೂ ಎಂಜಿನಿಯರ್‌ಗಳಲ್ಲ. ಬೇರೆ ಸಾಮಾನಿಗೆ ಬೇರೆ ಹೆಸರಿಡುವುದು ಅವರಿಗೆ ಕೊಡಬೇಕಾದ ಕನಿಷ್ಠ ಮರ್ಯಾದೆ.

ಗೇಮ್ ವಿಷಯಕ್ಕೆ ಬರುತ್ತೇನೆ. ತಮ್ಮ ಮೊದಲು ಕೇಳಿದ್ದೇ, "ಅಕ್ಕಾ, 40 ಸೀರೀಸ್ ಇರೋವಾಗ 30 ಸೀರೀಸ್ ಯಾಕೆ?" ಅಂತ. ಮಾತಿನಲ್ಲಿ ಹೇಳುವ ಬದಲು ಅವನ ಗೇಮಿನಲ್ಲೇ ತೋರಿಸಿದೆ. ಟೆಕ್ಸ್ಚರ್ ಸೆಟ್ಟಿಂಗ್ ಹೈನಲ್ಲಿತ್ತು. ಕಾರ್ಡಿನ ಮೆಮೊರಿ ಬಳಕೆ 7 ಜಿಬಿ ಚಿಲ್ಲರೆ. ಅಲ್ಟ್ರಾಗೆ ಏರಿಸಿದೆವು. ಬಳಕೆ 9 ಜಿಬಿ ದಾಟಿತು, ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ, ಮಾತ್ರ ಒಂದೆರಡು ಕೂಡ ಅಲುಗಲಿಲ್ಲ. ಗೋಡೆ ಮೇಲಿನ ಹರಿದ ಪೋಸ್ಟರಿನ ಅಕ್ಷರ ಓದುವ ಹಾಗಾಯಿತು. ಆಮೇಲೆ ನೆರಳಿನ ಸೆಟ್ಟಿಂಗನ್ನು ಅಲ್ಟ್ರಾ ಮಾಡಿದೆವು. ಮೆಮೊರಿ ಹೆಚ್ಚೇನೂ ಏರಲಿಲ್ಲ, ಫ್ರೇಮ್ ರೇಟ್ ಕುಸಿಯಿತು. ಟೆಕ್ಸ್ಚರ್ ಕೇಳುವುದು ಜಾಗವನ್ನು, ನೆರಳು ಕೇಳುವುದು ಲೆಕ್ಕದ ಶಕ್ತಿಯನ್ನು. ಇಷ್ಟು ಗೊತ್ತಾದರೆ ಸೆಟ್ಟಿಂಗ್ ಪಟ್ಟಿ ನೋಡಿ ತಲೆ ಕೆಡಿಸಿಕೊಳ್ಳಬೇಕಿಲ್ಲ. 3060 12 ಜಿಬಿ ಇದ್ದವರು ಟೆಕ್ಸ್ಚರನ್ನು ಮೇಲಕ್ಕೆ ಇಟ್ಟು, ನೆರಳು, ಪ್ರತಿಬಿಂಬಗಳನ್ನು ಒಂದು ಮೆಟ್ಟಿಲು ಇಳಿಸಿದರೆ ಚಿತ್ರವೂ ಚೆಂದ, ಓಟವೂ ಚೆಂದ.

8 ಜಿಬಿ ಕಾರ್ಡಿನಲ್ಲಿ ಇದೇ ಅಲ್ಟ್ರಾ ಇಟ್ಟರೆ ಏನಾಗುತ್ತದೆ? ಕೆಲವು ಗೇಮ್ ತಾನಾಗಿಯೇ ಮಸುಕಾದ ಟೆಕ್ಸ್ಚರ್ ಹಾಕಿ ಸುಮ್ಮನಾಗುತ್ತವೆ. ಇನ್ನು ಕೆಲವು ತಡವರಿಸುತ್ತವೆ. ಸರಾಸರಿ ಫ್ರೇಮ್ ರೇಟ್ ಚೆನ್ನಾಗಿಯೇ ಇರುತ್ತದೆ, ಆದರೆ ತಿರುಗಿದಾಗೆಲ್ಲ ಚಿತ್ರ ಜಗ್ಗುತ್ತದೆ. ನಿಮ್ಮ ಕಾರ್ಡಿನಲ್ಲಿ ಹೀಗಾಗುತ್ತಿದೆಯೇ ಅಂತ ತಿಳಿಯಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಸಾಕು. ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಜಿಪಿಯು ಆರಿಸಿ. ಡೆಡಿಕೇಟೆಡ್ ಮೆಮೊರಿ ತುಂಬಿ, ಶೇರ್ಡ್ ಮೆಮೊರಿಯ ಅಂಕಿ ಏರುತ್ತಿದ್ದರೆ ಸಾಮಾನು ಮದರ್‌ಬೋರ್ಡಿನ ರ್ಯಾಮ್ ಕಡೆ ಉಕ್ಕಿ ಹರಿಯುತ್ತಿದೆ ಅಂತ ಅರ್ಥ.

1080ಪಿಯಲ್ಲಿ ಈ ಕಾರ್ಡ್ ಆರಾಮಾಗಿದೆ. 1440ಪಿಯಲ್ಲಿ ಪಿಕ್ಸೆಲ್ ಹೆಚ್ಚುಕಡಿಮೆ 1.8 ಪಟ್ಟು ಆಗುವುದರಿಂದ ಹೊಸ ಗೇಮ್‌ಗಳಿಗೆ ಡಿಎಲ್‌ಎಸ್‌ಎಸ್ ಬೇಕು. 4ಕೆಯಲ್ಲಿ ಪಿಕ್ಸೆಲ್ ನಾಲ್ಕು ಪಟ್ಟು. ಅಲ್ಲಿ ಭಾರದ ಗೇಮ್‌ಗಳಿಗೆ ಇದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಡಿಎಲ್‌ಎಸ್‌ಎಸ್ ಮಾಡುವುದು ಇಷ್ಟೇ: ಚಿತ್ರವನ್ನು ಕಡಿಮೆ ಅಳತೆಯಲ್ಲಿ ಮಾಡಿ, ಹಿಂದಿನ ಫ್ರೇಮ್‌ಗಳ ಮಾಹಿತಿಯನ್ನೂ ಸೇರಿಸಿ, ಎಐ ಲೆಕ್ಕಕ್ಕೆಂದೇ ಇರುವ ಟೆನ್ಸರ್ ಕೋರ್‌ಗಳ ಸಹಾಯದಿಂದ ದೊಡ್ಡದು ಮಾಡುತ್ತದೆ. 1080ಪಿ ಪರದೆಗೆ ಕ್ವಾಲಿಟಿ ಮೋಡ್ ಹಾಕಿದರೆ ಒಳಗೆ ನಡೆಯುವ ಕೆಲಸ 1280 × 720ಯದ್ದು. ಅರ್ಧಕ್ಕಿಂತ ಕಡಿಮೆ ಪಿಕ್ಸೆಲ್. 2025ರ ಜನವರಿಯಲ್ಲಿ ಬಂದ ಇದರ ಹೊಸ ಎಐ ಮಾದರಿ ಹಳೆಯ ಆರ್‌ಟಿಎಕ್ಸ್ ಕಾರ್ಡ್‌ಗಳಿಗೂ ಸಿಕ್ಕಿತು. ಎಲೆಗಳ ಅಂಚು, ದೂರದ ತಂತಿಗಳು ಮೊದಲಿಗಿಂತ ಸ್ಪಷ್ಟವಾಗಿವೆ. ಇಷ್ಟು ಹಳೆಯ ಕಾರ್ಡಿಗೆ ಇದು ನಿಜಕ್ಕೂ ದೊಡ್ಡ ಉಪಕಾರ.

ಕೊರತೆಗಳನ್ನೂ ಹೇಳಬೇಕು. ಎರಡು ಫ್ರೇಮಿನ ನಡುವೆ ಹೊಸ ಫ್ರೇಮ್ ಹುಟ್ಟಿಸುವ ಎನ್ವಿಡಿಯಾದ ಫ್ರೇಮ್ ಜನರೇಶನ್ ಇದರಲ್ಲಿ ಇಲ್ಲ, ಅದು 40 ಸೀರೀಸಿನಿಂದ ಶುರು. ಗೇಮಿನಲ್ಲಿ ಇದ್ದರೆ ಎಎಂಡಿಯ ಎಫ್‌ಎಸ್‌ಆರ್ 3 ಬಳಸಬಹುದು, ಅದು ಇದರಲ್ಲೂ ಓಡುತ್ತದೆ. ಎವಿ1 ಅನ್ನುವ ಹೊಸ ಬಗೆಯಲ್ಲಿ ಕುಗ್ಗಿಸಿದ ವಿಡಿಯೋ ನೋಡಬಹುದು, ಆದರೆ ಎವಿ1ನಲ್ಲಿ ರೆಕಾರ್ಡ್ ಮಾಡಲು ಕಾರ್ಡ್ ನೆರವಾಗುವುದಿಲ್ಲ. ಗೇಮ್ ಸ್ಟ್ರೀಮ್ ಮಾಡುವವರು ಇದನ್ನು ಗಮನಿಸಿ. ಆರ್‌ಟಿ ಕೋರ್ ಇದೆ ಅಂತ ಗೇಮ್‌ನಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಪೂರ್ತಿ ಏರಿಸಿದರೆ ಉಸಿರು ಕಟ್ಟುತ್ತದೆ. ನನ್ನ ಕಾರ್ಡಿನಲ್ಲಿ ಎರಡು ಫ್ಯಾನ್ ಇವೆ. ಸುಮ್ಮನಿದ್ದಾಗ ತಿರುಗುವುದೇ ಇಲ್ಲ, ರೆಂಡರ್ ನಡೆಯುವಾಗ ಬಿಸಿ 70 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಗೇಮಿನ ಮೆನುವಿನಲ್ಲಿ ಫ್ರೇಮ್ ರೇಟ್ ನೂರಾರಕ್ಕೆ ಹಾರಿದಾಗ ಕಾಯಿಲ್‌ಗಳಿಂದ ಸಣ್ಣಗೆ ಕುಯ್ ಅನ್ನುವ ಶಬ್ದ ಬರುತ್ತದೆ. ಡ್ರೈವರ್ ಸೆಟ್ಟಿಂಗಿನಲ್ಲಿ ಫ್ರೇಮ್ ರೇಟಿಗೆ ಮಿತಿ ಹಾಕಿದೆ, ನಿಂತಿತು.

ವಿದ್ಯುತ್ ಬಗ್ಗೆ ತುಸು ಯೋಚಿಸಿ. ನನ್ನ ಹಳೆಯ 1050 ಟಿಐ 75 ವ್ಯಾಟಿನದ್ದು. ಮದರ್‌ಬೋರ್ಡಿನ ಸ್ಲಾಟ್ ಕೊಡುವುದೂ ಅಷ್ಟೇ, ಹಾಗಾಗಿ ಬೇರೆ ತಂತಿ ಬೇಕಿರಲಿಲ್ಲ. 3060 ತಗೊಳ್ಳುವುದು 170 ವ್ಯಾಟ್. ಸ್ಲಾಟಿನ 75ರ ಜೊತೆಗೆ ಪವರ್ ಸಪ್ಲೈಯಿಂದ ಬರುವ 8 ಪಿನ್ ಕೇಬಲ್ ಬೇಕು, ಅದರ ಮಿತಿ 150. ಎನ್ವಿಡಿಯಾ ಹೇಳುವುದು 550 ವ್ಯಾಟ್ ಪವರ್ ಸಪ್ಲೈ. ಹೆಸರಿಲ್ಲದ ಅಗ್ಗದ ಪವರ್ ಸಪ್ಲೈ ಮೇಲೆ ದಯವಿಟ್ಟು ಇದನ್ನು ಹಾಕಬೇಡಿ. ಕ್ಯಾಬಿನೆಟ್ಟಿನ ಒಳಗೆ ಕಾರ್ಡಿನ ಉದ್ದ ಕೂರುತ್ತದೆಯೇ ಅಂತ ಟೇಪ್ ಹಿಡಿದು ಅಳೆದುಕೊಳ್ಳಿ. ಮಾನಿಟರಿನ ಕೇಬಲ್ ಹಾಕಬೇಕಾದ್ದು ಕಾರ್ಡಿನ ಪೋರ್ಟಿಗೆ, ಮೇಲಿರುವ ಮದರ್‌ಬೋರ್ಡಿನ ಪೋರ್ಟಿಗಲ್ಲ. ಎಷ್ಟೋ ಮನೆಗಳಲ್ಲಿ ಹೊಸ ಕಾರ್ಡ್ ಕೆಲಸವಿಲ್ಲದೆ ಕೂತಿರುತ್ತದೆ, ಚಿತ್ರ ಬರುತ್ತಿರುವುದು ಪ್ರೊಸೆಸರ್ ಒಳಗಿನ ಪುಟ್ಟ ಗ್ರಾಫಿಕ್ಸ್‌ನಿಂದ. ಹಾಗೆಯೇ 144 ಹರ್ಟ್ಸ್ ಮಾನಿಟರ್ ತಂದವರು ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅದು 60ರಲ್ಲೇ ನಿಂತಿದೆಯೇ ಅಂತ ಒಮ್ಮೆ ನೋಡಿ.

ಪ್ರೊಸೆಸರ್ ತೀರಾ ಹಳೆಯದಾದರೆ ಕಾರ್ಡ್ ಬದಲಿಸಿಯೂ ಲಾಭ ಕಡಿಮೆ. ಪ್ರತಿ ಫ್ರೇಮಿನಲ್ಲಿ ಯಾರು ಎಲ್ಲಿದ್ದಾರೆ, ಏನು ಬಿತ್ತು, ಏನು ಬರೆಯಬೇಕು ಅಂತ ಹೇಳುವುದು ಪ್ರೊಸೆಸರ್. ಅದು ತಡ ಮಾಡಿದರೆ ಕಾರ್ಡ್ ಕಾಯುತ್ತದೆ. ಗೊತ್ತುಮಾಡಿಕೊಳ್ಳಲು ಒಂದು ಸುಲಭ ದಾರಿ ಇದೆ. ಗೇಮಿನ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್ ರೇಟ್ ಏರಿದರೆ ಹಿಡಿದಿಟ್ಟಿದ್ದು ಕಾರ್ಡ್. ಏರದಿದ್ದರೆ ಪ್ರೊಸೆಸರ್.

ಹಳೆಯ ಮದರ್‌ಬೋರ್ಡ್ ಇರುವವರಿಗೆ 3060ಯ ಇನ್ನೊಂದು ಗುಣ ಹೇಳಬೇಕು. ಇದು 16 ಲೇನ್ ಪೂರ್ತಿ ಬಳಸುತ್ತದೆ. 4060 ಬಳಸುವುದು 8 ಮಾತ್ರ. ಹೊಸ ಬೋರ್ಡಿನಲ್ಲಿ ಅದು ಗೊತ್ತಾಗುವುದಿಲ್ಲ. 3.0 ಬೋರ್ಡಿನಲ್ಲಿ ಮಾತ್ರ ದಾರಿ ಸೆಕೆಂಡಿಗೆ 8 ಜಿಬಿಗೆ ಇಳಿಯುತ್ತದೆ. ಮೆಮೊರಿಯೂ 8 ಜಿಬಿ ಆದ್ದರಿಂದ ಉಕ್ಕಿದಾಗ ಪೆಟ್ಟು ಜೋರು. ಅದೇ 4060 ಪರವಾಗಿ ಹೇಳಬೇಕಾದರೆ, ಅದರ ವಿದ್ಯುತ್ ಬಳಕೆ 115 ವ್ಯಾಟ್. ಬರೀ ಗೇಮ್ ಆಡುವವರು, ಹೊಸ ಬೋರ್ಡ್ ಇರುವವರು, ಟೆಕ್ಸ್ಚರ್ ಹೈನಲ್ಲಿದ್ದರೆ ಸಾಕು ಅನ್ನುವವರು ಅದನ್ನೇ ತಗೊಳ್ಳಲಿ. 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ ಆರ್ಕ್ ಬಿ580ಯಲ್ಲೂ 12 ಜಿಬಿ ಇದೆ, 192 ಬಿಟ್ ಬಸ್ಸೂ ಇದೆ, ಅದಕ್ಕೆ ಸೆಕೆಂಡಿಗೆ 456 ಜಿಬಿ ವೇಗ. ಗೇಮ್‌ಗೆ ಅದೂ ಚೆನ್ನ. ಆದರೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್, ಅಂದರೆ ಕಾರ್ಡಿನ ಮೆಮೊರಿ ಪೂರ್ತಿ ಪ್ರೊಸೆಸರಿಗೆ ಒಟ್ಟಿಗೇ ಸಿಗುವ ಸೌಲಭ್ಯ, ಇರಲೇಬೇಕು. ನನ್ನ ಹಾಗೆ ಎನ್ವಿಡಿಯಾದ ಕುಡಾ (CUDA), ಆಪ್ಟಿಕ್ಸ್ ನಂಬಿ ಕೆಲಸ ಮಾಡುವವರಿಗೆ ಅದು ಹೊಂದುವುದಿಲ್ಲ.

3060 ಸೆಕೆಂಡ್ ಹ್ಯಾಂಡ್ ಆಗಿಯೂ ಸಿಗುತ್ತದೆ. ಹಾಗೆ ತಗೊಳ್ಳುವ ಮುಂಚೆ ಜಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶವನ್ನು ಮಾರುವವರ ಕಂಪ್ಯೂಟರಿನಲ್ಲೇ ತೆರೆಸಿ. ಮೆಮೊರಿ ಸೈಜ್ 12288 ಎಂಬಿ ಇರಬೇಕು. ಬಸ್ ವಿಡ್ತ್ 192 ಬಿಟ್ ಇರಬೇಕು. 128 ಅಂತ ಕಂಡರೆ ಅದು ಆ ಇನ್ನೊಂದು ಕಾರ್ಡ್, ಕೈಬಿಡಿ. ಬಸ್ ಇಂಟರ್‌ಫೇಸ್ ಸಾಲಿನಲ್ಲಿ 16 ಲೇನ್ ತೋರಿಸಬೇಕು. ಸುಮ್ಮನಿದ್ದಾಗ ಅಲ್ಲಿ ವೇಗ ಕಡಿಮೆ ತೋರಿಸಿದರೆ ಗಾಬರಿ ಬೇಡ, ಪಕ್ಕದ ಪ್ರಶ್ನೆ ಗುರುತು ಒತ್ತಿ ಚಿಕ್ಕ ಪರೀಕ್ಷೆ ಓಡಿಸಿದರೆ ಮೇಲೇರುತ್ತದೆ. ಆಮೇಲೆ ಅರ್ಧ ಗಂಟೆ ಭಾರದ ಗೇಮ್ ಒಂದನ್ನು ಟೆಕ್ಸ್ಚರ್ ಪೂರ್ತಿ ಏರಿಸಿ ಓಡಿಸಿ. ಪರದೆ ಮೇಲೆ ಬಣ್ಣದ ಚೌಕಗಳು, ಮಿನುಗುವ ಗೆರೆಗಳು ಬರದೆ, ಎರಡೂ ಫ್ಯಾನ್ ಅಲುಗಾಡದೆ ತಿರುಗುತ್ತಿದ್ದರೆ ತಗೊಳ್ಳಬಹುದು.